ರೀಡ್ ಕಾಲೇಜಿನ ಪದವಿಪ್ರಬಂಧ: ಒಂದು ವಿಮರ್ಶೆ

ಬಿ.ಎ. ತರಗತಿಯ ವಿದ್ಯಾರ್ಥಿಗೆ ಸಂಶೋಧನೆಯು ತಕ್ಕ ಕಾರ್ಯವೇ ಅಲ್ಲವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಮತಗಳುಂಟು. ಮೊದಲು ಪಾಠವಾಗಬೇಕು, ಪರಂಪರೆಯ ಪರಿಚಯವಾಗಬೇಕು, ಭಾಷೆ ಕೈವಶವಾಗಬೇಕು; ಶೋಧನೆಯೆಂಬುದು ಅನಂತರದ ಮಾತು; ತಳಪಾಯವಿಲ್ಲದೆ ಶಿಖರವನ್ನಿಡಲು ಹೊರಟವನು ಎರಡನ್ನೂ ಕಳೆದುಕೊಳ್ಳುವನು ಎಂಬುದು ಒಂದು ಪಕ್ಷ. ಕೇಳದೆ ಕಲಿತದ್ದು ಪರೀಕ್ಷೆಯ ದಿನದಾಚೆಗೆ ಬಾಳುವುದಿಲ್ಲ, ಒಂದು ಪ್ರಶ್ನೆಯನ್ನು ತಾನೇ ಎತ್ತಿ ತಾನೇ ಬೆನ್ನಟ್ಟಿದ ಹೊರತು ಪರಂಪರೆಯೂ ಪರಿಚಯವಾಗುವುದಿಲ್ಲ ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಸಾಮಾನ್ಯೋಕ್ತಿಗಳಿಂದಲೇ ವಾದಿಸುವುದು ವಾಡಿಕೆಯಾಗಿದೆ. ಪದವಿಯ ವಿದ್ಯಾರ್ಥಿಯೊಬ್ಬನು ಬರೆದ ಪ್ರಬಂಧವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಏನಿದೆ, ಏನಿಲ್ಲ, ಅದನ್ನು ಬರೆಯಿಸಿದ ಸಂಸ್ಥೆಯ ಪಾಲು ಅದರಲ್ಲಿ ಎಷ್ಟು ಎಂದು ನೋಡುವವರು ವಿರಳ. ಅಂಥ ಪ್ರಬಂಧಗಳು ಅಚ್ಚಾಗುವುದೇ ಅಪರೂಪವಾದ್ದರಿಂದ ಇದು ಆಶ್ಚರ್ಯವೂ ಅಲ್ಲ. ಅಮೆರಿಕದ ರೀಡ್ ಕಾಲೇಜಿನಲ್ಲಿ ೧೯೫೧ನೆಯ ಇಸವಿಯಲ್ಲಿ ಗ್ಯಾರಿ ಸ್ನೈಡರ್ ಎಂಬ ವಿದ್ಯಾರ್ಥಿಯು ಒಪ್ಪಿಸಿದ ಪ್ರಬಂಧವು ಇಪ್ಪತ್ತೆಂಟು ವರ್ಷಗಳ ತರುವಾಯ ಪುಸ್ತಕವಾಗಿ ಹೊರಬಂದಿತು. ಆ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಮೇಲಿನ ವಿವಾದವನ್ನು ಪರಿಶೀಲಿಸುವುದು ಸಾಧ್ಯವಾಗಿದೆ.

ರೀಡ್ ಕಾಲೇಜು ಆರೆಗನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ನಗರದಲ್ಲಿದೆ. ಹಬೆಯ ಹಡಗುಗಳ ವ್ಯಾಪಾರದಿಂದ ಐಶ್ವರ್ಯವಂತರಾದ ರೀಡ್ ದಂಪತಿಗಳ ಆಸ್ತಿಯಿಂದ ೧೯೦೮ರಲ್ಲಿ ಸ್ಥಾಪಿತವಾಗಿ, ೧೯೧೧ರಲ್ಲಿ ಪಾಠಗಳು ಮೊದಲಾಗಿ, ೧೯೧೫ರಲ್ಲಿ ಮೊದಲನೆಯ ತಂಡ ಪದವಿಯನ್ನು ಪಡೆಯಿತು. ಇದು ಲಿಬರಲ್ ಆರ್ಟ್ಸ್ ಕಾಲೇಜುಗಳ ವರ್ಗಕ್ಕೆ ಸೇರಿದ್ದು. ಎಂದರೆ, ವಕೀಲಿ, ವೈದ್ಯ ಮುಂತಾದ ವೃತ್ತಿಗಳಿಗೆ ತರಬೇತು ಕೊಡದೆ, ಸಾಹಿತ್ಯ, ಚರಿತ್ರೆ, ತತ್ತ್ವ, ಗಣಿತ, ಪ್ರಕೃತಿವಿಜ್ಞಾನಗಳನ್ನು ಒಟ್ಟಿಗೆ ಕಲಿಸಿ, ನಾಲ್ಕು ವರ್ಷಗಳಲ್ಲಿ ಪದವಿ ಕೊಟ್ಟು ಕಳುಹಿಸುವ ಚಿಕ್ಕ ವಸತಿಸಂಸ್ಥೆ. ಮೊದಲನೆಯ ಅಧ್ಯಕ್ಷರಾದ ವಿಲಿಯಂ ಟ್ರುಫಂಟ್ ಫಾಸ್ಟರ್ ಅವರು ಇಂಗ್ಲಿಷ್ ಸಾಹಿತ್ಯವನ್ನೂ ವಾದಕಲೆಯನ್ನೂ ಬೋಧಿಸಿದ್ದವರು. ಅಮೆರಿಕದ ಕಾಲೇಜುಗಳಲ್ಲಿ ಆಗ ಹಬ್ಬಿದ್ದ ಆಟೋಟಗಳ ಪಂದ್ಯವ್ಯಾಮೋಹವನ್ನೂ ಗುಪ್ತಕೂಟಗಳನ್ನೂ ಹೊರಗಿಟ್ಟು, ವಿದ್ಯೆಯೊಂದನ್ನೇ ಉದ್ದೇಶವಾಗಿ ಇರಿಸಿಕೊಳ್ಳಬೇಕೆಂಬುದು ಅವರ ಸಂಕಲ್ಪ. ಈ ಸಂಕಲ್ಪದ ಒಂದು ಅಂಗವಾಗಿ ಬಂದುದೇ ಪದವಿಪ್ರಬಂಧ.

ನಿಯಮವು ಸರಳವಾಗಿದೆ. ಮೂರನೆಯ ವರ್ಷದ ಕೊನೆಯಲ್ಲಿ ವಿದ್ಯಾರ್ಥಿಯು ತನ್ನ ವಿಷಯದಲ್ಲಿ ಒಂದು ಅರ್ಹತಾಪರೀಕ್ಷೆಯನ್ನು ದಾಟಬೇಕು. ನಾಲ್ಕನೆಯ ವರ್ಷದುದ್ದಕ್ಕೂ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಒಂದು ಪ್ರಬಂಧವನ್ನು ಸಿದ್ಧಮಾಡಿ, ಕೊನೆಯಲ್ಲಿ ಅಧ್ಯಾಪಕರ ಒಂದು ಮಂಡಲಿಯ ಎದುರಿನಲ್ಲಿ ಕುಳಿತು ಅದನ್ನು ಸಮರ್ಥಿಸಬೇಕು. ಆ ಮಂಡಲಿಯಲ್ಲಿ ಅನ್ಯವಿಭಾಗದವರೂ ಇರುತ್ತಾರೆ. ಛಂದಸ್ಸನ್ನು ಕುರಿತು ಬರೆದವನು ರಸಾಯನಶಾಸ್ತ್ರಜ್ಞನ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದರೂ ಬರಬಹುದು. ಪ್ರಬಂಧದ ಪ್ರತಿಯು ರಟ್ಟುಕಟ್ಟಿ ಗ್ರಂಥಾಲಯವನ್ನು ಸೇರುತ್ತದೆ. ಅಲ್ಲಿ ಈ ಪ್ರಬಂಧಗಳಿಗೆಂದೇ ಒಂದು ಗೋಪುರವುಂಟು. ಒಪ್ಪಿಸುವ ದಿನ ವಿದ್ಯಾರ್ಥಿಗಳು ಮೆರವಣಿಗೆ ಹೊರಟು, ಕರಡುಗಳನ್ನು ಬೆಂಕಿಗೆ ಹಾಕುವ ಸಂಪ್ರದಾಯವೂ ಇದೆ. ಇದು ಹುಡುಗಾಟವೆಂದು ಹಿರಿಯರು ನಗಬಹುದು. ಹಸ್ತಪ್ರತಿಗಳಿಗಾಗಿ ಊರೂರು ಅಲೆದ ಕನ್ನಡ ವಿದ್ವಾಂಸರಿಗೆ ಮಾತ್ರ ಕರಡನ್ನು ಸುಡುವುದು ನಗುವ ವಿಷಯವಾಗಿ ತೋರಲಾರದು.

ಈ ಕಟ್ಟಳೆಯಲ್ಲಿ ಗಮನಿಸಬೇಕಾದ ಮುಖ್ಯಾಂಶವೆಂದರೆ, ಇದು ಎಲ್ಲರಿಗೂ ಅನ್ವಯಿಸುತ್ತದೆ ಎಂಬುದು. ಈಚಿನ ಕಾಲೇಜುಗಳ ವಿವರಣಪತ್ರಿಕೆಗಳಲ್ಲಿ ‘ಸಂಶೋಧನೆಯ ಅವಕಾಶಗಳು’ ಎಂಬ ಮಾತು ಹೇರಳವಾಗಿ ಕಾಣಿಸುತ್ತದೆ. ಬೇಸಗೆಯ ವೇತನಗಳು, ಅಧ್ಯಾಪಕರ ಪ್ರಯೋಗಶಾಲೆಯಲ್ಲಿ ಸಹಾಯಕತನ, ಪ್ರವಾಸಕ್ಕೆ ಧನಸಹಾಯ, ವಿಚಾರಗೋಷ್ಠಿಯಲ್ಲಿ ಭಾಗ, ಇವೆಲ್ಲ ಒಳ್ಳೆಯವೇ. ಆದರೆ ಅವಕಾಶವೆಂಬುದು ಕೇಳಿದವರಿಗೆ ಸಿಕ್ಕುವ ವಸ್ತು. ಕೇಳುವ ಧೈರ್ಯವಿರುವವರು ಸಾಮಾನ್ಯವಾಗಿ ಮನೆಯಲ್ಲಿ ಪುಸ್ತಕಗಳಿದ್ದು ಬೆಳೆದವರು. ರೀಡ್ ಕಾಲೇಜಿನವರು ಅವಕಾಶವನ್ನು ಕರ್ತವ್ಯವನ್ನಾಗಿ ಮಾಡಿದರು. ಎರಡಕ್ಕೂ ಇರುವ ಅಂತರವು ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು.

ಇನ್ನು ಸ್ನೈಡರನ ಪ್ರಬಂಧ. ಅವನು ೧೯೩೦ರಲ್ಲಿ ಹುಟ್ಟಿದವನು. ೧೯೪೭ರಲ್ಲಿ ಕಾಲೇಜಿಗೆ ಬಂದನು. ಸಾಹಿತ್ಯ ಮತ್ತು ಮಾನವಶಾಸ್ತ್ರಗಳೆರಡನ್ನೂ ಕೂಡಿಸಿ ಓದಿದನು. ಮಾನವಶಾಸ್ತ್ರದಲ್ಲಿ ಡೇವಿಡ್ ಫ್ರೆಂಚ್, ಸಾಹಿತ್ಯದಲ್ಲಿಯೂ ಲಿಪಿಕಲೆಯಲ್ಲಿಯೂ ಲಾಯ್ಡ್ ರೆನಾಲ್ಡ್ಸ್ ಅವನಿಗೆ ಗುರುಗಳಾಗಿದ್ದರು. ‘ಒಂದು ಹಾಯ್ಡಾ ಪುರಾಣಕಥೆಯ ಆಯಾಮಗಳು’ ಎಂಬ ಅರ್ಥದ ಹೆಸರಿನಿಂದ ಅವನು ಒಪ್ಪಿಸಿದ ಪ್ರಬಂಧವು ೧೯೭೯ರಲ್ಲಿ, ‘ತಂದೆಯ ಊರಿನಲ್ಲಿ ಹಕ್ಕಿ ಬೇಟೆಯಾಡಿದವನು’ ಎಂಬ ಅರ್ಥದ, ಆ ಕಥೆಯದೇ ಹೆಸರನ್ನು ಹೊತ್ತು ಅಚ್ಚಾಯಿತು. ಅಷ್ಟರಲ್ಲಿ ಅವನು ಪುಲಿಟ್ಸರ್ ಬಹುಮಾನ ಪಡೆದ ಕವಿಯಾಗಿದ್ದನೆಂಬುದು ನಿಜ. ಆದರೆ ಪ್ರಬಂಧವನ್ನು ಬರೆದವನು ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ. ಓದುವಾಗ ಅವನನ್ನೇ ನೆನೆಯಬೇಕಲ್ಲದೆ ಪ್ರಸಿದ್ಧ ಕವಿಯನ್ನಲ್ಲ.

ಹಾಯ್ಡಾ ಜನರು ಕೆನಡದ ಪಶ್ಚಿಮ ತೀರದಾಚೆಯ ದ್ವೀಪಸ್ತೋಮದ ನಿವಾಸಿಗಳು. ಆ ದ್ವೀಪಗಳಿಗೆ ಆಂಗ್ಲರು ತಮ್ಮ ರಾಣಿಯೊಬ್ಬಳ ಹೆಸರನ್ನಿಟ್ಟಿದ್ದರು. ೨೦೧೦ರಲ್ಲಿ ಹಾಯ್ಡಾ ಗ್ವಾಯ್ ಎಂಬ ಸ್ವಂತ ಹೆಸರು ಅವಕ್ಕೆ ಮರಳಿ ಬಂದಿತು. ಜಾನ್ ಸ್ವಾಂಟನ್ ಎಂಬ ವಿದ್ವಾಂಸನು ೧೯೦೦ರಲ್ಲಿ ಅಲ್ಲಿಗೆ ಹೋಗಿ, ಹಾಯ್ಡಾ ಕಥೆಗಾರರಿಂದ ಕೇಳಿ ಬರೆದುಕೊಂಡ ಕಥೆಗಳನ್ನು ೧೯೦೫ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಒಂದು ಈ ಕಥೆ. ನಾಯಕನ ಮಗನೊಬ್ಬನು ಹಕ್ಕಿಬೇಟೆಗೆ ಹೋದಾಗ, ಕೊಳದಲ್ಲಿ ಈಜುತ್ತಿದ್ದ ಇಬ್ಬರು ಹೆಂಗಸರನ್ನೂ ದಡದಲ್ಲಿ ತೂಗುತ್ತಿದ್ದ ಎರಡು ಹೆಬ್ಬಾತುಗಳ ತೊಗಲನ್ನೂ ಕಾಣುತ್ತಾನೆ. ತೊಗಲುಗಳನ್ನು ವಶಮಾಡಿಕೊಂಡು ಕಿರಿಯವಳನ್ನು ಮದುವೆಯಾಗುತ್ತಾನೆ. ಊರಿಗೆ ಕ್ಷಾಮ ಬಂದಾಗ ಅವಳು ತನ್ನ ತವರಿನಿಂದ ಆಹಾರವನ್ನು ತರಿಸಿ ಊರನ್ನು ಉಳಿಸುತ್ತಾಳೆ. ಆ ಆಹಾರವನ್ನೇ ಹಳಿದು ಯಾರೋ ಆಡಿದ ಮಾತಿಗೆ ನೊಂದು, ತೊಗಲನ್ನು ಧರಿಸಿ ಹಾರಿಹೋಗುತ್ತಾಳೆ. ಅವನು ಹುಡುಕುತ್ತ ಹೊರಟು, ದಾರಿಯಲ್ಲಿ ಸಿಕ್ಕವರ ಸಹಾಯದಿಂದ ಕಂಬವೊಂದನ್ನು ಹತ್ತಿ ಮೇಲಿನ ಲೋಕವನ್ನು ಸೇರಿ ಅವಳನ್ನು ಪಡೆಯುತ್ತಾನೆ. ಆದರೆ ಕೆಲವು ಕಾಲದಲ್ಲೇ ಅಲ್ಲಿನ ಬಾಳು ಬೇಸರವಾಗುತ್ತದೆ. ಕೆಳಗೆ ಬರುವಷ್ಟರಲ್ಲಿ ಅವನು ಮನುಷ್ಯನಾಗಿ ಉಳಿದಿಲ್ಲ. ಕಡಲಬಂಡೆಯ ಮೇಲೆ ಕುಳಿತು ಕೂಗುವ ಕಡಲಕಾಗೆಯಾಗಿದ್ದಾನೆ.

ಭಾರತೀಯ ವಾಚಕನಿಗೆ ಇಲ್ಲಿ ಊರ್ವಶಿಯ ನೆನಪಾಗದೆ ಇರದು. ಶತಪಥಬ್ರಾಹ್ಮಣದಲ್ಲಿ ಪುರೂರವನು ಅವಳನ್ನು ಮತ್ತೆ ಕಾಣುವುದು ಕಮಲದ ಕೊಳವೊಂದರಲ್ಲಿ. ಅಲ್ಲಿ ಅಪ್ಸರೆಯರು ನೀರುಹಕ್ಕಿಗಳ ರೂಪದಲ್ಲಿ ಈಜುತ್ತಿರುತ್ತಾರೆ. ಆದರೆ ಪುರೂರವನು ಅಗ್ನಿಕಾರ್ಯದಿಂದ ಗಂಧರ್ವನಾಗಿ ಹೆಂಡತಿಯ ಕುಲವನ್ನು ಸೇರುತ್ತಾನೆ. ಹಾಯ್ಡಾ ಬೇಟೆಗಾರನು ಹೆಂಡತಿಯ ಲೋಕವನ್ನು ಸೇರಿಯೂ ಅಲ್ಲಿ ನಿಲ್ಲಲಾರನು. ಒಂದೇ ಬೀಜದಿಂದ ಯಜ್ಞಸಂಸ್ಕೃತಿಯಲ್ಲಿ ಒಂದು ಫಲ, ಕಡಲತೀರದ ಬೇಟೆಗಾರರಲ್ಲಿ ಇನ್ನೊಂದು ಫಲ. ಈ ಬಗೆಯ ತೌಲನಿಕ ದೃಷ್ಟಿಗೆ ದಾರಿ ಮಾಡಿಕೊಡುವುದೇ ಸ್ನೈಡರನ ಪ್ರಬಂಧದ ಸತ್ತ್ವ.

ಪ್ರಬಂಧದ ರಚನೆ ಹೀಗಿದೆ. ಮೊದಲು ಕಥೆಯ ಪಾಠವನ್ನು ಕೊಡುತ್ತಾನೆ. ಬಳಿಕ ಹಾಯ್ಡಾ ಜನರ ಮನೆ, ಕುಲ, ಬೇಟೆ, ಆಚಾರಗಳ ಹಿನ್ನೆಲೆ. ಅನಂತರ ನೆರೆಹೊರೆಯ ಜನಾಂಗಗಳಲ್ಲಿ ಸಿಕ್ಕುವ ಪಾಠಾಂತರಗಳು. ಆಮೇಲೆ ಕಥೆಯ ಆಶಯಗಳು ಜಗತ್ತಿನಲ್ಲಿ ಹರಡಿರುವ ಬಗೆ. ಕಡೆಯಲ್ಲಿ ಪುರಾಣಕಥೆಯು ಸಮಾಜದಲ್ಲಿಯೂ ವ್ಯಕ್ತಿಯ ಮನಸ್ಸಿನಲ್ಲಿಯೂ ಮಾಡುವ ಕಾರ್ಯದ ವಿಚಾರ. ಅಚ್ಚಿನಲ್ಲಿ ಕೆಲವೇ ಪುಟಗಳ ಒಂದು ಕಥೆಯ ಸುತ್ತ ಐದು ಸುತ್ತು. ಪ್ರತಿಯೊಂದು ಸುತ್ತಿನಲ್ಲಿಯೂ ಬೇರೆಯೊಂದು ಶಾಸ್ತ್ರದ ಸಾಧನವನ್ನು ಕೈಗೆ ತೆಗೆದುಕೊಳ್ಳಬೇಕಾಗುತ್ತದೆ. ಪದವಿಯ ಮಟ್ಟದ ಪ್ರಬಂಧಕ್ಕೆ ಇದಕ್ಕಿಂತ ಉಚಿತವಾದ ವಿನ್ಯಾಸವು ದೊರೆಯುವುದು ಕಷ್ಟ. ವಿಷಯ ಚಿಕ್ಕದು, ಮುಷ್ಟಿಯಲ್ಲಿ ಹಿಡಿಯುವಂಥದು. ಅದನ್ನು ನೋಡುವ ಕಿಟಕಿಗಳು ಅನೇಕ. ಕನ್ನಡದಲ್ಲಿ ಎಳೆಯರು ಆರಿಸಿಕೊಳ್ಳುವ ವಿಷಯಗಳು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿರುತ್ತವೆ: ‘ಪಂಪನ ಜೀವನದೃಷ್ಟಿ’, ‘ವಚನಸಾಹಿತ್ಯದಲ್ಲಿ ಸಮಾಜ’, ಹೀಗೆ ವಿಷಯವು ಆನೆಯಷ್ಟು, ಕಿಟಕಿ ಸೂಜಿಯ ಕಣ್ಣಿನಷ್ಟು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಪಾಠಾಂತರಗಳನ್ನು ಹೋಲಿಸುವಲ್ಲಿ ಕಾಣುವ ತಾಳ್ಮೆ ಕಡೆಯ ಅಧ್ಯಾಯದಲ್ಲಿ ಇಲ್ಲ. ಅಲ್ಲಿ ಮಾನವಶಾಸ್ತ್ರ, ಮನಶ್ಶಾಸ್ತ್ರ, ಸಾಹಿತ್ಯವಿಮರ್ಶೆಗಳ ನಾನಾ ಪಂಥಗಳವರು ಒಬ್ಬರ ಹಿಂದೊಬ್ಬರು ಬಂದು ಮಾತಾಡುತ್ತಾರೆ. ಯುವಕನು ಸಭೆಯಲ್ಲಿ ಹಿರಿಯರಿಗೆ ಎಡೆಮಾಡಿಕೊಡುತ್ತ ತಾನು ಗೋಡೆಗೆ ಒರಗಿ ನಿಂತಂತಿದೆ. ಇದಕ್ಕಿಂತ ಗುರುತರವಾದದ್ದು ಇನ್ನೊಂದು. ಸ್ವಾಂಟನ್ನನ ಇಂಗ್ಲಿಷ್ ಗದ್ಯಾನುವಾದವೇ ಪ್ರಬಂಧಕ್ಕೆ ಆಧಾರ. ಕಥೆಯನ್ನು ಒಂದು ಜನಾಂಗದ ಸೊತ್ತೆಂದು ಕಾಣುವಷ್ಟು ನಿಚ್ಚಳವಾಗಿ, ಅದನ್ನು ಹೇಳಿದವನೊಬ್ಬನ ಕೃತಿಯೆಂದು ಕಾಣುವುದು ಈ ವಿನ್ಯಾಸದಲ್ಲಿ ಸಾಧ್ಯವಾಗಲಿಲ್ಲ. ಹೇಳಿದವನಿಗೆ ಹಾಯ್ಡಾ ಹೆಸರು ಗಾಂಡ್ಲ್, ಅವನು ಕುರುಡ. ರಾಬರ್ಟ್ ಬ್ರಿಂಗ್‌ಹರ್ಸ್ಟ್ ೧೯೯೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂಲಭಾಷೆಯಿಂದಲೇ ಅನುವಾದಿಸಿ, ಗಾಂಡ್ಲನನ್ನು ಕವಿಯೆಂದು ಹೆಸರು ಹಿಡಿದು ಎತ್ತಿ ನಿಲ್ಲಿಸಿದ ಮೇಲೆ, ಹಳೆಯ ಪ್ರಬಂಧದ ಈ ಕೊರತೆಯು ಸ್ಪಷ್ಟವಾಗಿ ತೋರುತ್ತದೆ. ‘ಜನಪದ’ವೆಂಬ ಮಾತಿನಲ್ಲಿ ಹಾಡಿದವಳ ಹೆಸರು ಕರಗಿಹೋಗುವುದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಮಾತಲ್ಲ.

ಈ ದೋಷವನ್ನು ಪದವಿಪ್ರಬಂಧವೆಂಬ ಪದ್ಧತಿಯ ಮೇಲೆ ಹೊರಿಸಬಹುದೇ? ಮೊದಲನೆಯ ಪಕ್ಷದವರು ಹೊರಿಸಬಹುದು: ಮೂಲಭಾಷೆಯನ್ನು ಕಲಿಯದವನಿಗೆ ಸಂಶೋಧನೆ ಏಕೆ ಎಂದು. ಆದರೆ ಆ ಕಾಲದಲ್ಲಿ ನುರಿತ ವಿದ್ವಾಂಸರಲ್ಲಿಯೂ ಹಾಯ್ಡಾ ಭಾಷೆಯನ್ನು ಬಲ್ಲವರು ಬೆರಳೆಣಿಕೆಯವರು. ಪ್ರಬಂಧವು ಹೊಸ ಜ್ಞಾನವನ್ನು ಲೋಕಕ್ಕೆ ಕೊಟ್ಟಿತೇ ಎಂದು ಕೇಳಿದರೆ ಉತ್ತರವು ಅಳುಕಿನಿಂದಲೇ ಬರಬೇಕು. ಬರೆದವನಿಗೆ ಏನನ್ನು ಕೊಟ್ಟಿತು ಎಂದು ಕೇಳಿದರೆ ಉತ್ತರ ಸ್ಪಷ್ಟ. ಸ್ನೈಡರನು ಮುಂದೆ ಮಾನವಶಾಸ್ತ್ರಜ್ಞನಾಗಲಿಲ್ಲ. ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕೆಲವೇ ತಿಂಗಳಲ್ಲಿ ಬಿಟ್ಟು ಬಂದನು. ಆದರೆ ೧೯೬೦ರಲ್ಲಿ ಬಂದ ಅವನ ಕವನಗ್ರಂಥಕ್ಕೆ ‘ಪುರಾಣಗಳು ಮತ್ತು ಪಾಠಗಳು’ ಎಂಬ ಅರ್ಥದ ಹೆಸರಿದೆ. ಅದು ಸ್ವಾಂಟನ್ ಮೊದಲಾದವರ ಕಥಾಸಂಗ್ರಹಗಳ ಹೆಸರಿನಿಂದ ಎತ್ತಿಕೊಂಡದ್ದು. ಪ್ರಾಣಿಗೂ ಮನುಷ್ಯನಿಗೂ ನಡುವಿನ ಗಡಿಯನ್ನು ಕುರಿತ ಅವನ ಜೀವಮಾನದ ಚಿಂತನೆಯು, ಹೆಬ್ಬಾತಿನ ತೊಗಲನ್ನು ಕದ್ದ ಈ ಬೇಟೆಗಾರನ ಕಥೆಯೊಡನೆ ಕಳೆದ ಒಂದು ವರ್ಷದಿಂದ ಪೋಷಣೆ ಪಡೆಯಿತೆಂದು ಹೇಳುವುದು ಅತಿಶಯೋಕ್ತಿಯಾಗದು.

ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಸ್ನೈಡರನ ಗೆಳೆಯ ಲ್ಯೂ ವೆಲ್ಚ್ ಎಂಬವನು ಗರ್ಟ್ರೂಡ್ ಸ್ಟೈನಳನ್ನು ಕುರಿತು ಬರೆದನು. ದುರೂಹವೆಂದು ಹಲವರು ಹಾಸ್ಯಮಾಡುತ್ತಿದ್ದ ಲೇಖಕಿ ಅವಳು. ವಿಷಯವನ್ನು ಬೇಡವೆನ್ನದ ಅಧ್ಯಾಪಕರ ಎದೆಗಾರಿಕೆಯೂ ಮೆಚ್ಚತಕ್ಕದ್ದು. ಆ ಪ್ರಬಂಧವೂ ೧೯೯೬ರಲ್ಲಿ ಅಚ್ಚಾಯಿತು. ಇವರಿಬ್ಬರನ್ನು ತೋರಿಸಿ ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲವೆಂಬ ಆಕ್ಷೇಪಣೆಗೆ ಎಡೆಯಿದೆ. ಗೋಪುರದಲ್ಲಿ ಉಳಿದಿರುವ ಸಾವಿರಾರು ಸಂಪುಟಗಳಲ್ಲಿ ಬಹುಪಾಲು ಸಾಧಾರಣವಾದವೇ ಇರಬೇಕು. ಇರಲಿ. ಸಾಧಾರಣ ಪ್ರಬಂಧವನ್ನು ಬರೆದವನಿಗೂ, ಒಂದು ಗ್ರಂಥವನ್ನು ಹುಡುಕಿ ತರಿಸುವುದು, ಒಂದು ವಾಕ್ಯವನ್ನು ಆಧಾರವಿಲ್ಲದೆ ಬರೆಯಲಾಗದೆ ಎರಡು ದಿನ ಕೂರುವುದು, ತನ್ನ ಮಾತನ್ನು ಅಕ್ಷರಶಃ ಓದಿಬಂದ ನಾಲ್ವರ ಮುಂದೆ ಬಾಯಿಬಿಡುವುದು ಇವು ತಪ್ಪಲಿಲ್ಲ. ಓದುಗರಿಲ್ಲದ ಬರವಣಿಗೆಯೆಂಬ ಶಾಪವು ಅವನಿಗೆ ತಟ್ಟಲಿಲ್ಲ.

ಎಲ್ಲರಿಗೂ ಬೇಡ, ಸಮರ್ಥರಿಗೆ ಮಾತ್ರ ಸಾಕು ಎಂಬ ಮಾರ್ಗವನ್ನೂ ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಫಿಲಡೆಲ್ಫಿಯದ ಸಮೀಪದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ, ಎಲಿಜಬೆತ್ ರಾಣಿಯ ಕಾಲದ ಅಲೆಮಾರಿ ವಂಚಕರನ್ನು ಕುರಿತ ಸಂಶೋಧನೆಯಿಂದ ಹೆಸರಾಗಿದ್ದ ಫ್ರಾಂಕ್ ಏಡಲಾಟ್ ಅವರು ಅಧ್ಯಕ್ಷರಾಗಿ ಬಂದು, ೧೯೨೨ರಲ್ಲಿ ಆನರ್ಸ್ ಪದ್ಧತಿಯನ್ನು ಆರಂಭಿಸಿದರು. ಆಕ್ಸ್‌ಫರ್ಡಿನಲ್ಲಿ ಓದಿದ್ದ ಅವರಿಗೆ, ಜಾಣರೂ ಮಂದರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕೆಂಬ ಕಟ್ಟು ಸಹಿಸದಾಗಿತ್ತು. ಆಯ್ದ ವಿದ್ಯಾರ್ಥಿಗಳಿಗೆ ಕೊನೆಯ ಎರಡು ವರ್ಷ ಉಪನ್ಯಾಸಗಳಿಂದ ಬಿಡುಗಡೆ, ಚಿಕ್ಕ ಗೋಷ್ಠಿಗಳಲ್ಲಿ ತಾವೇ ಬರೆದು ತಂದು ಓದಿ ಚರ್ಚಿಸುವುದು, ಕೊನೆಯಲ್ಲಿ ಪರೀಕ್ಷೆ. ಪರೀಕ್ಷಕರು ಮಾತ್ರ ಹೊರಗಿನ ವಿದ್ಯಾಸಂಸ್ಥೆಗಳವರು. ಇದರಿಂದ ಕಲಿಸಿದವನೂ ಕಲಿತವನೂ ಒಂದೇ ಪಕ್ಷವಾಗಿ ಹೊರಗಿನವನ ಎದುರು ನಿಲ್ಲುವರೆಂಬುದು ಈ ಪದ್ಧತಿಯ ಸೊಗಸು. ಭಾರತದ ವಿಶ್ವವಿದ್ಯಾನಿಲಯಗಳಲ್ಲಿಯೂ ಹೊರಗಿನ ಪರೀಕ್ಷಕನುಂಟು. ಅವನು ಕಾಣುವುದು ನೋಂದಣಿಯ ಸಂಖ್ಯೆಯನ್ನು, ಸ್ವಾರ್ಥ್‌ಮೋರಿನವನು ಕಾಣುವುದು ಮುಖವನ್ನು. ಒಹಾಯೋದ ವೂಸ್ಟರ್ ಕಾಲೇಜಿನಲ್ಲಿ, ಮ್ಯಾಥ್ಯೂ ಆರ್ನಲ್ಡ್‌ನ ಪತ್ರಗಳನ್ನು ಸಂಪಾದಿಸಿದ್ದ ಹೋವರ್ಡ್ ಲೋರಿ ಅವರು ೧೯೪೦ರ ದಶಕದ ಕೊನೆಯಲ್ಲಿ ಮತ್ತೆ ರೀಡಿನ ದಾರಿಯನ್ನೇ ಹಿಡಿದು, ಸ್ವತಂತ್ರ ಅಧ್ಯಯನವನ್ನು ಎಲ್ಲರಿಗೂ ಕಡ್ಡಾಯಮಾಡಿದರು. ಅದು ಇಂದಿಗೂ ನಡೆದಿದೆ. ಈ ಮೂರು ಸಂಸ್ಥೆಗಳಲ್ಲಿಯೂ ಮೊದಲಡಿಯಿಟ್ಟವರು ಸಾಹಿತ್ಯದ ಅಧ್ಯಾಪಕರೆಂಬುದು ಆಕಸ್ಮಿಕವೋ ಅಲ್ಲವೋ, ಸಾಹಿತ್ಯದ ಅಧ್ಯಾಪಕರು ಯೋಚಿಸತಕ್ಕ ಸಂಗತಿ.

ರೀಡಿನ ಪದ್ಧತಿಗೆ ತಗಲುವ ವೆಚ್ಚವನ್ನು ಮರೆಯುವಂತಿಲ್ಲ. ಅಲ್ಲಿ ವರ್ಷಕ್ಕೆ ವಿಧಿಸುವ ಶುಲ್ಕವು ೬೦,೦೦೦ ಡಾಲರುಗಳನ್ನು ಮೀರಿದೆ. ಸಹಾಯಧನವಿದ್ದರೂ ಇದು ಸಿರಿವಂತ ದೇಶದ ಸಿರಿವಂತ ಪದ್ಧತಿಯೇ. ವಿದ್ಯಾರ್ಥಿಗಳೇ ನಡೆಸುವ ಒಂದು ಪರಮಾಣು ಸ್ಥಾವರವು ಆ ಕಾಲೇಜಿನಲ್ಲಿ ೧೯೬೮ರಿಂದ ಇದೆ. ಸಾಹಿತ್ಯದ ವಿದ್ಯಾರ್ಥಿಯೂ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದನ್ನು ನಡೆಸುವ ಪರವಾನಗಿ ಪಡೆಯಬಹುದು. ಇದನ್ನು ನೋಡಿ ಬೆರಗಾಗಬಹುದಲ್ಲದೆ ಅನುಕರಿಸಲಾಗದು. ಆದರೆ ಸ್ನೈಡರನ ಪ್ರಬಂಧಕ್ಕೆ ಬೇಕಾದದ್ದು ಪರಮಾಣು ಸ್ಥಾವರವಲ್ಲ. ಒಂದು ಕಥೆ, ಒಂದು ಗ್ರಂಥಾಲಯ, ಓದುವ ಇಬ್ಬರು ಗುರುಗಳು.

ಕರ್ನಾಟಕದಲ್ಲಿ ಈ ವಿಷಯವು ಈಚೆಗೆ ಎರಡು ಸಲ ತೀರ್ಮಾನವಾಗಿದೆ. ಎರಡು ಸಲವೂ ಚರ್ಚೆ ಪದವಿಯ ವರ್ಷಗಳ ಎಣಿಕೆಯಲ್ಲಿಯೇ ಮುಗಿಯಿತು. ೨೦೨೧–೨೨ರಿಂದ ನಾಲ್ಕು ವರ್ಷಗಳ ಪದವಿಯು ಜಾರಿಗೆ ಬಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ, ಮೊದಲ ಆರು ಅರ್ಧವರ್ಷಗಳಲ್ಲಿ ನೂರಕ್ಕೆ ೭೫ ಅಂಕಗಳನ್ನು ಪಡೆದವರು ಮಾತ್ರ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಮಾರ್ಗವನ್ನು ಹಿಡಿಯಬಹುದೆಂದು ವಿಧಿಸಿತು. ೨೦೨೪ರ ಮೇ ತಿಂಗಳಲ್ಲಿ ರಾಜ್ಯಸರಕಾರವು ಆ ಪದ್ಧತಿಯನ್ನು ಹಿಂತೆಗೆದುಕೊಂಡು ಮೂರು ವರ್ಷಗಳ ಪದವಿಯನ್ನು ಮತ್ತೆ ತಂದಿತು. ನಾಲ್ಕನೆಯ ವರ್ಷವು ಬಡವಿದ್ಯಾರ್ಥಿಗೆ ಭಾರವೆಂಬ ವಾದದಲ್ಲಿ ಹುರುಳಿದೆ. ಆದರೆ ಸಂಶೋಧನೆಯನ್ನು ನಾಲ್ಕನೆಯ ವರ್ಷಕ್ಕೆ ಕಟ್ಟಿಹಾಕಿದ್ದರಿಂದ, ವರ್ಷವು ಹೋದಾಗ ಅದೂ ಜೊತೆಯಲ್ಲಿ ಹೋಯಿತು. ಎಪ್ಪತ್ತೈದರ ಗೆರೆಯಾದರೂ ಅಳೆಯುವುದು ಏನನ್ನು? ಕೊಟ್ಟ ಪ್ರಶ್ನೆಗೆ ಮೂರು ಗಂಟೆಯೊಳಗೆ ಉತ್ತರ ಬರೆಯುವ ಶಕ್ತಿಯನ್ನು. ಪ್ರಶ್ನೆಯನ್ನು ತಾನೇ ಹುಡುಕಿ ಒಂದು ವರ್ಷ ಅದರೊಡನೆ ಬಾಳುವ ಶಕ್ತಿ ಬೇರೆ. ಅದು ಯಾರಲ್ಲಿದೆಯೆಂದು ಬರೆಯಿಸಿ ನೋಡುವುದಕ್ಕೆ ಮುಂಚೆ ತಿಳಿಯದು.

ವಿಷಯಗಳಿಗೆ ಇಲ್ಲಿ ಬರವಿಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ಗಳನ್ನು ಹೊರತಂದಾಗ ಅವರ ಬೆನ್ನಿಗೆ ಕಾಲೇಜಾಗಲಿ ವೇತನವಾಗಲಿ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವು ಹೊರಟದ್ದು ಪಠ್ಯಕ್ರಮದ ಬಲದಿಂದಲ್ಲ, ಎ. ಆರ್. ಕೃಷ್ಣಶಾಸ್ತ್ರಿಗಳಂಥವರ ಉತ್ಸಾಹದಿಂದ. ಇಂದಿನ ಪದವಿ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯು ತನ್ನ ಅಜ್ಜಿಯ ಒಂದು ಕಥೆಯನ್ನು ಅಜ್ಜಿಯ ಹೆಸರು ಸಹಿತ ಬರೆದುಕೊಂಡು, ನೆರೆಯ ಮೂರು ಊರುಗಳ ಪಾಠಾಂತರಗಳೊಡನೆ ಹೋಲಿಸಿದರೆ, ಅವಳಿಗೆ ಸ್ನೈಡರನಿಗಿಲ್ಲದಿದ್ದ ಒಂದು ಅನುಕೂಲವಿರುತ್ತದೆ: ಮೂಲಭಾಷೆಯು ಅವಳ ಮಾತೃಭಾಷೆ.

ತೊಡಕು ಇರುವುದು ಓದುವವರಲ್ಲಿ. ಅಂತಿಮ ವರ್ಷದಲ್ಲಿ ಅರವತ್ತು ಮಂದಿ ಇದ್ದು, ಒಬ್ಬೊಬ್ಬರು ಇಪ್ಪತ್ತು ಪುಟ ಬರೆದರೆ ೧,೨೦೦ ಪುಟಗಳಾಗುತ್ತವೆ. ವಿಭಾಗದಲ್ಲಿ ಐವರು ಅಧ್ಯಾಪಕರಿದ್ದು, ಪ್ರತಿಯೊಂದನ್ನೂ ಇಬ್ಬರು ಓದಬೇಕೆಂದರೆ ಒಬ್ಬೊಬ್ಬರ ಪಾಲಿಗೆ ೪೮೦ ಪುಟಗಳು. ಒಬ್ಬೊಬ್ಬರನ್ನು ಅರ್ಧ ಗಂಟೆ ಕೂರಿಸಿ ಮಾತಾಡಿಸಿದರೆ ಮೂವತ್ತು ಗಂಟೆಗಳು. ಯಂತ್ರವೇ ಪ್ರಬಂಧವನ್ನು ಬರೆದುಕೊಡುವ ಈ ಕಾಲದಲ್ಲಿ ಆ ಅರ್ಧ ಗಂಟೆಯನ್ನು ಬಿಡುವಂತೆಯೂ ಇಲ್ಲ. ಬರೆದವನು ಯಾರೆಂಬುದು ಅಲ್ಲಿಯೇ ಹೊರಬೀಳುವುದು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯೊಡನೆ ಹೋಲಿಸಿದರೆ ಈ ಲೆಕ್ಕ ಅಸಾಧ್ಯವೇನಲ್ಲ. ಆದರೆ ಆ ಐವರಲ್ಲಿ ಎಷ್ಟು ಮಂದಿ ಮುಂದಿನ ವರ್ಷವೂ ಅದೇ ಕಾಲೇಜಿನಲ್ಲಿರುತ್ತಾರೆ ಎಂಬುದನ್ನು ಮೊದಲು ಕೇಳಬೇಕಾಗಿದೆ. ಸರಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಜೂನಿನಲ್ಲಿ ವಿಷಯವನ್ನು ಆರಿಸಿಕೊಟ್ಟವರೇ ಮರುವರ್ಷದ ಮೇ ತಿಂಗಳಲ್ಲಿ ಅದನ್ನು ಓದಲು ಅಲ್ಲಿರುವರೆಂಬ ಭರವಸೆಯನ್ನು ಯಾವ ವಿವರಣಪತ್ರಿಕೆಯೂ ಕೊಟ್ಟಿಲ್ಲ.